ಗರಾಜ್ ಸೇಲಿನಲ್ಲಿ ಹಳೆಯ ಉಪ್ಪು-ಮೆಣಸಿನ ಶೇಕರ್: ತಿರುಗಿಸಿ ಅಡಿ ನೋಡಿ ಕೊಳ್ಳುವ ಕ್ರಮ

ಮನೆಯವರು ತಮಗೆ ಬೇಡವಾದ ಸಾಮಾನನ್ನು ಗರಾಜಿನಲ್ಲೋ ಅಂಗಳದಲ್ಲೋ ಹರವಿ ಮಾರುವ ಗರಾಜ್ ಸೇಲ್ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಹೊಸದೇನಲ್ಲ. ಆ ದೇಶಕ್ಕೆ ಬಂದ ಮೊದಲ ವರ್ಷ ಮೇಜು, ಕುರ್ಚಿ, ಪುಸ್ತಕದ ಕಪಾಟು ಹುಡುಕಿಕೊಂಡು ಶನಿವಾರ ಬೆಳಿಗ್ಗೆ ಇಂಥ ಮಾರಾಟಗಳನ್ನು ಸುತ್ತದವರು ಕಡಿಮೆ. ಅಲ್ಲಿ ಹರವಿಟ್ಟ ಕಾಫಿ ಮಗ್ಗುಗಳು ಮತ್ತು ಅಡುಗೆ ಪುಸ್ತಕಗಳ ಮಧ್ಯೆ ನೆತ್ತಿಯಲ್ಲಿ ತೂತುಗಳಿರುವ ಒಂದು ಜೋಡಿ ಪಿಂಗಾಣಿ ಗೊಂಬೆ ಕಣ್ಣಿಗೆ ಬೀಳುವುದು ಸಾಮಾನ್ಯ. ಎರಡು ಟೊಮೇಟೊ, ಎರಡು ಹಂದಿಮರಿ, ಒಂದು ಟೋಸ್ಟರ್ ಮತ್ತು ಅದರ ಪಕ್ಕದಲ್ಲೊಂದು ಕಾಫಿ ಪಾತ್ರೆ, ಹೀಗೆ ಊಹೆಗೂ ಮೀರಿದ ರೂಪಗಳಲ್ಲಿ ಸಿಗುವ, ಊಟದ ಮೇಜಿನಲ್ಲಿ ಉಪ್ಪು ಮತ್ತು ಕಾಳುಮೆಣಸಿನ ಪುಡಿ ಉದುರಿಸುವ ಈ ಉಪ್ಪು-ಮೆಣಸಿನ ಶೇಕರ್‌ಗಳು ಸಂಗ್ರಹದ ಹವ್ಯಾಸವನ್ನು ಆರಂಭಿಸುವವರಿಗೆ ಬಹಳ ಅನುಕೂಲಕರ ವಸ್ತು. ಬೆಲೆ ಕಡಿಮೆ, ಅಂಗೈಯಗಲದ ಜಾಗ ಸಾಕು, ಕೈತಪ್ಪಿದರೂ ಮುಂದಿನ ವಾರ ಇನ್ನೊಂದು ಸಿಗುತ್ತದೆ. ಆದರೆ ಮುಖ ನೋಡಿ ಮರುಳಾಗಿ ಕೊಂಡವರ ಕಪಾಟಿನಲ್ಲಿ ಬಿರುಕು ಬಿಟ್ಟವು, ಜೋಡಿಯಲ್ಲದ ಜೋಡಿಗಳು, ನಿನ್ನೆ ಮೊನ್ನೆ ತಯಾರಾದ ನಕಲುಗಳು ಬಹಳ ಬೇಗ ತುಂಬಿಕೊಳ್ಳುತ್ತವೆ. ಶೇಕರ್‌ನ ವಯಸ್ಸು, ಊರು, ಪ್ರಾಮಾಣಿಕತೆ ಈ ಮೂರೂ ಹೆಚ್ಚಾಗಿ ಅದರ ಅಡಿಯಲ್ಲಿ ಬರೆದಿರುತ್ತವೆ. ಅದನ್ನು ಓದುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಇಷ್ಟೊಂದು ಶೇಕರ್‌ಗಳು ಅಲ್ಲಿ ಏಕೆ ಹುಟ್ಟಿಕೊಂಡವು ಎಂಬುದು ತಿಳಿದಿದ್ದರೆ ಆಯ್ಕೆ ಸುಲಭವಾಗುತ್ತದೆ. ನಮ್ಮಲ್ಲಿ ಬಾಳೆಯೆಲೆಯ ತುದಿಗೆ ಉಪ್ಪು ಬಡಿಸುತ್ತೇವೆ. ಪಾಶ್ಚಾತ್ಯರ ಊಟದ ಮೇಜಿನ ಮೇಲೆ ಬಹುಕಾಲ ಇದ್ದದ್ದು ತೆರೆದ ಪುಟ್ಟ ಬಟ್ಟಲು ಮತ್ತು ಅದಕ್ಕೊಂದು ಚಮಚ. ತೂತಿನ ಮುಚ್ಚಳದ ಡಬ್ಬಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಬಂದವಾದರೂ ತೇವಕ್ಕೆ ಉಪ್ಪು ಗಟ್ಟಿಯಾಗಿ ತೂತು ಮುಚ್ಚಿಕೊಳ್ಳುತ್ತಿತ್ತು. ಬಾಸ್ಟನ್ನಿನ ಡಾನಾ ಕೆ. ಆಲ್ಡನ್ ಒಳಗೆ ಉಪ್ಪಿನ ಗಂಟು ಒಡೆಯುವ ಕಡ್ಡಿಯಿದ್ದ ಶೇಕರ್‌ಗೆ 1877ರ ಡಿಸೆಂಬರ್ 25ರಂದು ಪೇಟೆಂಟ್ ಪಡೆದರು. ಆ ದಿನಾಂಕದ ಕಾರಣಕ್ಕೆ ಸಂಗ್ರಾಹಕರು ಅವನ್ನು ಇಂದಿಗೂ ಕ್ರಿಸ್‌ಮಸ್ ಶೇಕರ್ ಎಂದೇ ಕರೆಯುತ್ತಾರೆ. 1911ರಲ್ಲಿ ಮಾರ್ಟನ್ ಸಾಲ್ಟ್ ಕಂಪನಿ ಉಪ್ಪಿಗೆ ಮೆಗ್ನೀಸಿಯಂ ಕಾರ್ಬೊನೇಟ್ ಬೆರೆಸಲು ಆರಂಭಿಸಿದ ಮೇಲೆ ಮಳೆಗಾಲದಲ್ಲೂ ಸರಾಗವಾಗಿ ಸುರಿಯುವ ಉಪ್ಪು ಮನೆಮನೆಗೆ ಬಂತು, ಶೇಕರ್ ನಿತ್ಯದ ವಸ್ತುವಾಯಿತು. ಅನಂತರ ಕಾರು ಕೊಂಡು ಪ್ರವಾಸ ಹೊರಟ ಅಮೆರಿಕನ್ನರಿಗೆ ಅಗ್ಗದ, ಚಿಕ್ಕ, ಉಪಯೋಗಕ್ಕೂ ಬರುವ ನೆನಪಿನ ಕಾಣಿಕೆ ಬೇಕಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ದೊಡ್ಡ ಸಾಮಾನು ಮಾರಲಾಗದ ಕುಂಬಾರಿಕೆ ಕಾರ್ಖಾನೆಗಳಿಗೆ ಚಿಲ್ಲರೆ ಬೆಲೆಗೆ ಹೋಗುವ ಸರಕು ಬೇಕಿತ್ತು. ಎರಡೂ ಅಗತ್ಯಗಳಿಗೆ ಶೇಕರ್ ಒದಗಿಬಂತು. ಗರಾಜ್ ಸೇಲಿನಲ್ಲಿ ಇಂದು ಸಿಗುವ ಹಳೆಯ ಸರಕಿನ ಬಹುಪಾಲು 1930ರಿಂದ 1970ರ ನಡುವಿನದು.

ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಎಸ್ಟೇಟ್ ಸೇಲ್. ಹಿರಿಯರು ತೀರಿಕೊಂಡ ಅಥವಾ ವೃದ್ಧಾಶ್ರಮಕ್ಕೆ ಹೋದ ಮನೆಯ ಸಾಮಾನನ್ನೆಲ್ಲ ಇದ್ದಲ್ಲಿಯೇ ಇಟ್ಟು ಮಾರುವ ಈ ಪದ್ಧತಿಯಲ್ಲಿ ಒಬ್ಬರೇ ನಲವತ್ತು ವರ್ಷ ಕೂಡಿಟ್ಟ ಸಂಗ್ರಹ ಒಟ್ಟಿಗೆ ಸಿಗುವ ಸಾಧ್ಯತೆ ಇರುತ್ತದೆ. ಅಲ್ಲಿ ಮೊದಲ ದಿನ ಬೆಲೆ ಇಳಿಸುವುದು ಅಪರೂಪ, ಕೊನೆಯ ದಿನ ಅರ್ಧ ಬೆಲೆಗೆ ಬಿಡುವುದು ವಾಡಿಕೆ. ಖಂಡಿತ ಬೇಕೆನಿಸಿದ್ದನ್ನು ಮೊದಲ ದಿನವೇ ಕೊಂಡು, ಬಂದರೆ ಬರಲಿ ಎನ್ನುವಂಥವುಗಳಿಗೆ ಕೊನೆಯ ದಿನ ಹೋಗುವುದು ಜಾಣತನ. ಎಲ್ಲರೂ ಊಟದ ಕೋಣೆಯ ಗಾಜಿನ ಕಪಾಟಿಗೆ ಮುಗಿಬೀಳುತ್ತಾರೆ. ನೀವು ಅಡುಗೆಮನೆಯ ಒಲೆಯ ಮೇಲಿನ ಹಲಗೆ, ಕಿಟಕಿಯ ಕಟ್ಟೆ, ನೆಲಮಾಳಿಗೆಯಲ್ಲಿರುವ ಕ್ರಿಸ್‌ಮಸ್ ಅಲಂಕಾರದ ಪೆಟ್ಟಿಗೆ ನೋಡಿ. ಹಬ್ಬಕ್ಕೆ ಮಾತ್ರ ಹೊರಬರುತ್ತಿದ್ದ ಸಾಂಟಾ ಮತ್ತು ಹಿಮದ ಗೊಂಬೆಯ ಜೋಡಿಗಳು ಬಳಕೆಯಿಲ್ಲದೆ ಹೊಸದರಂತೆ ಉಳಿದಿರುವುದು ಅಲ್ಲಿಯೇ. ದಾನವಾಗಿ ಬಂದ ಹಳೆಯ ಸಾಮಾನು ಮಾರಲು ಚರ್ಚುಗಳು ನಡೆಸುವ ರಮ್ಮೇಜ್ ಸೇಲಿನಲ್ಲಿ ಬೆಲೆ ತೀರ ಕಡಿಮೆ. ಗುಡ್‌ವಿಲ್, ಸಾಲ್ವೇಷನ್ ಆರ್ಮಿಯಂಥ, ಬಳಸಿದ ಸಾಮಾನು ಮಾರುವ ತ್ರಿಫ್ಟ್ ಅಂಗಡಿಗಳಲ್ಲಿ ಒಂದು ತೊಂದರೆಯುಂಟು: ಸರಕು ವಿಂಗಡಿಸುವವರು ಜೋಡಿಯನ್ನು ಗುರುತಿಸದೆ ಎರಡನ್ನೂ ಬೇರೆ ಬೇರೆ ಹಲಗೆಗಳಲ್ಲಿ ಇಟ್ಟಿರುತ್ತಾರೆ, ಆದ್ದರಿಂದ ಒಂಟಿ ಶೇಕರ್ ಕಂಡರೆ ಗಾಜಿನ ಸಾಮಾನು, ಗೊಂಬೆ, ಮೇಣದಬತ್ತಿಯ ವಿಭಾಗಗಳನ್ನೂ ಒಮ್ಮೆ ಸುತ್ತಿ ಬರಬೇಕು.

ದೊಡ್ಡ ಸಂತೆಗಳಿಗೆ ಹೋಗುವ ಆಸೆಯಿದ್ದವರಿಗೆ ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್ ಇದೆ. ಅಲ್ಲಿ ಮೇ, ಜುಲೈ, ಸೆಪ್ಟೆಂಬರ್ ತಿಂಗಳುಗಳಲ್ಲಿ ಹಳೆಯ ಸಾಮಾನಿನ ಜಾತ್ರೆ ಸೇರುತ್ತದೆ. ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ರೋಸ್ ಬೌಲ್ ಕ್ರೀಡಾಂಗಣದ ಫ್ಲೀ ಮಾರ್ಕೆಟ್ ಪ್ರತಿ ತಿಂಗಳ ಎರಡನೆಯ ಭಾನುವಾರ ನಡೆಯುತ್ತದೆ. ಆಗಸ್ಟ್ ತಿಂಗಳಲ್ಲಿ ಮಿಷಿಗನ್ನಿನಿಂದ ಅಲಬಾಮಾವರೆಗೆ ಸುಮಾರು 690 ಮೈಲಿ ಉದ್ದಕ್ಕೂ ರಸ್ತೆಬದಿಯಲ್ಲಿ ಹರಡಿಕೊಳ್ಳುವ 127ನೇ ಹೆದ್ದಾರಿಯ ಯಾರ್ಡ್ ಸೇಲ್ ನೋಡಬೇಕಾದದ್ದು ನಿಜ, ಆದರೆ ಅಲ್ಲಿನ ಮಾರಾಟಗಾರರಲ್ಲಿ ಬೆಲೆ ಬಲ್ಲ ವ್ಯಾಪಾರಿಗಳೂ ಸಾಕಷ್ಟಿರುತ್ತಾರೆ.

ಇನ್ನು ವಸ್ತು ಕೈಗೆ ಬಂದಾಗ ಮಾಡಬೇಕಾದ ಪರೀಕ್ಷೆ. ಉದಾಹರಣೆಗೆ ನೀಲಿ ಕುತ್ತಿಗೆಪಟ್ಟಿ ಕಟ್ಟಿಕೊಂಡು ನಗುವ ಒಂದು ಹಂದಿಮರಿಯನ್ನು ತೆಗೆದುಕೊಳ್ಳಿ. ಮೇಜಿನ ಮೇಲಿಂದ ಎತ್ತುವಾಗ ತಲೆ ಹಿಡಿದು ಎತ್ತಬೇಡಿ, ಕಿವಿಗೆ ಅಂಟು ಹಾಕಿದ್ದರೆ ಅದು ನಿಮ್ಮ ಕೈಯಲ್ಲೇ ಉಳಿದೀತು. ಬುಡವನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಧಾನವಾಗಿ ತಿರುಗಿಸಿ. ಅಡಿಯ ತೂತಿನಲ್ಲಿ ಕಂದಾಗಿ ಪುಡಿಯಾಗುತ್ತಿರುವ ಕಾರ್ಕ್ ಬಿರಟೆ, ತೂತಿನ ಸುತ್ತ ಬಿಳಿಯ ಉಪ್ಪಿನ ಪೊರೆ, ಅಲುಗಿಸಿದರೆ ಒಳಗೆ ಸದ್ದು ಮಾಡುವ ನಾಲ್ಕಾರು ಅಕ್ಕಿಕಾಳು ಇದ್ದರೆ ಸಂತೋಷಪಡಿ. ತೇವ ಹೀರಲೆಂದು ಉಪ್ಪಿನೊಳಗೆ ಅಕ್ಕಿ ಹಾಕುವುದು ಅಲ್ಲಿನ ಹಳೆಯ ರೂಢಿ, ಅಂದರೆ ಅದು ನಿಜವಾಗಿ ಒಂದು ಮನೆಯ ಮೇಜಿನ ಮೇಲಿದ್ದ ವಸ್ತು. ಬುಡ ಮೇಜಿಗೆ ತಾಗುವ ಅಂಚಿನಲ್ಲಿ ಮೆರುಗಿಲ್ಲದ (ಪಿಂಗಾಣಿಯ ಮೇಲಿನ ಗಾಜಿನಂಥ ಲೇಪವೇ ಮೆರುಗು) ಮಣ್ಣು ಸವೆದು ಸ್ವಲ್ಪ ಕಪ್ಪಾಗಿರಬೇಕು. ಅಂಚು ಹಾಲಿನಂತೆ ಬೆಳ್ಳಗಿದ್ದು ಮುಖದ ಬಣ್ಣ ಮಾತ್ರ ಹಳತಾಗಿ ಕಂಡರೆ ಅನುಮಾನಿಸಿ. ಬಿರಟೆಯ ವಸ್ತುವೂ ಕಾಲ ಹೇಳುತ್ತದೆ: ಹಳೆಯವುಗಳಲ್ಲಿ ಸಾಮಾನ್ಯವಾಗಿ ಕಾರ್ಕ್, ಈಚಿನವುಗಳಲ್ಲಿ ಹೆಚ್ಚಾಗಿ ಮೃದು ಪ್ಲಾಸ್ಟಿಕ್. ಕಾರ್ಕ್ ಹಾಳಾಗಿ ಹೊಸ ಪ್ಲಾಸ್ಟಿಕ್ ಹಾಕಿಸಿರುವುದೂ ಸಾಮಾನ್ಯವಾದ್ದರಿಂದ ಇದೊಂದನ್ನೇ ನಂಬಬಾರದು.

ಬಿರುಕು ಪತ್ತೆಹಚ್ಚುವುದಕ್ಕೆ ಕಣ್ಣಿಗಿಂತ ಕಿವಿ ಮತ್ತು ಉಗುರು ಒಳ್ಳೆಯವು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುವಂತೆ ಉಗುರಿನಿಂದ ಮೆಲ್ಲನೆ ತಟ್ಟಿ. ಗಟ್ಟಿಯಾದದ್ದು ಖಣ್ ಎನ್ನುತ್ತದೆ, ಸೀಳಿದ್ದು ಡಬ್ ಎನ್ನುತ್ತದೆ. ಬಳಿಕ ಕಿವಿ, ಮೂಗು, ಟೋಪಿಯ ಅಂಚು ಮತ್ತು ನೆತ್ತಿಯ ತೂತುಗಳ ಸುತ್ತ ಉಗುರು ಎಳೆಯಿರಿ. ಚಕ್ಕೆ ಎದ್ದಿದ್ದರೆ ಅಲ್ಲಿ ತೊಡಕುತ್ತದೆ, ಬಣ್ಣ ಬಳಿದು ಮುಚ್ಚಿದ್ದರೆ ಮೆತ್ತಗೆ ಅನಿಸುತ್ತದೆ. ಒಂದು ಚಿಕ್ಕ ಅತಿನೇರಳೆ ಟಾರ್ಚ್ ಜೇಬಿನಲ್ಲಿರಲಿ. ನೆರಳಿನಲ್ಲಿ ಹಿಡಿದು ನೋಡಿದರೆ ಈಚಿನ ಅಂಟು ಮತ್ತು ಬಣ್ಣದ ತೇಪೆ ಸುತ್ತಲಿನ ಮೆರುಗಿಗಿಂತ ಬೇರೆಯಾಗಿ ಹೊಳೆಯುತ್ತವೆ. ಮೆರುಗಿನ ಮೇಲೆ ಜೇಡರಬಲೆಯಂತೆ ಹರಡುವ ನವಿರು ಗೆರೆಗಳು ವಯಸ್ಸಿಗೆ ಸಹಜ, ಅವುಗಳಿಗಾಗಿ ಬಿಡಬೇಕಾಗಿಲ್ಲ. ಗೆರೆಗಳು ಕಂದುಗಟ್ಟಿದ್ದರೆ ಒಳಗಿನ ಮಣ್ಣು ಉಪ್ಪುನೀರು ಕುಡಿದಿದೆ ಎಂದರ್ಥ, ಅಂಥದ್ದನ್ನು ನಾನು ಕೊಳ್ಳುವುದಿಲ್ಲ.

ಜೋಡಿ ನಿಜವಾದ ಜೋಡಿಯೇ ಎಂಬ ಪರೀಕ್ಷೆಯನ್ನು ಅವಸರದಲ್ಲಿ ಬಿಡುವವರು ಹೆಚ್ಚು. ಒಂದು ಒಡೆದಾಗ ಬೇರೆಡೆಯಿಂದ ತಂದ ಒಂಟಿಯನ್ನು ಪಕ್ಕದಲ್ಲಿಟ್ಟು ಜೋಡಿಯೆಂದು ಮಾರುವುದುಂಟು. ಸಂಗ್ರಾಹಕರು ಇದನ್ನು ಮದುವೆ ಮಾಡಿಸಿದ ಜೋಡಿ ಎಂದು ನಗೆಯಾಡುತ್ತಾರೆ. ಎರಡನ್ನೂ ಅಕ್ಕಪಕ್ಕ ಮಲಗಿಸಿ ಅಡಿಗಳನ್ನು ಹೋಲಿಸಿ. ಮಣ್ಣಿನ ಬಿಳುಪು, ಬಿರಟೆಯ ತೂತಿನ ಅಳತೆ, ಮೆರುಗು ನಿಂತ ಗೆರೆ ಒಂದೇ ಆಗಿರಬೇಕು. ಮುಖದ ಚಿತ್ರ ಮಾತ್ರ ಸ್ವಲ್ಪ ಬೇರೆಯಿದ್ದರೆ ಚಿಂತೆಯಿಲ್ಲ, ಹೆಚ್ಚಿನವು ಕೈಯಿಂದ ಬಣ್ಣ ಹಾಕಿದವು. ನೆತ್ತಿಯ ತೂತುಗಳ ಸಂಖ್ಯೆ ಎರಡರಲ್ಲೂ ಬೇರೆ ಇರುವುದು ದೋಷವಲ್ಲ, ಉಪ್ಪು ಯಾವುದು ಮೆಣಸು ಯಾವುದು ಎಂದು ತಿಳಿಸಲು ಹಾಗೆ ಮಾಡುತ್ತಿದ್ದರು. ಯಾವುದಕ್ಕೆ ಹೆಚ್ಚು ತೂತು ಎಂಬುದು ಮಾತ್ರ ದೇಶಕ್ಕೊಂದು, ಕಾರ್ಖಾನೆಗೊಂದು ರೀತಿ. ಒಂದರ ಮೇಲೆ ದೇಶದ ಹೆಸರಿದ್ದು ಇನ್ನೊಂದರ ಮೇಲೆ ಇಲ್ಲದಿರುವುದೂ ಸಾಮಾನ್ಯ.

ದೇಶದ ಹೆಸರು ಎಂದೆನಲ್ಲ, ಸಂಗ್ರಾಹಕನಿಗೆ ಅಮೆರಿಕದ ಸುಂಕದ ಕಾನೂನು ಮಾಡಿಕೊಟ್ಟ ಉಪಕಾರ ಅದು. 1890ರ ಮೆಕಿನ್ಲೆ ಸುಂಕ ಕಾಯ್ದೆ ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದು ವಿಧಿಸಿತು. ಅದರಂತೆ 1891ರಿಂದ 1921ರವರೆಗೆ ಜಪಾನಿನ ಸರಕಿನ ಮೇಲೆ ಆ ದೇಶದ ಸ್ವಂತ ಹೆಸರಾದ ನಿಪ್ಪಾನ್ ಎಂದಿರುತ್ತಿತ್ತು, ಅನಂತರ ಜಪಾನ್ ಎಂದಾಯಿತು. ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನ್ 1952ರ ಏಪ್ರಿಲ್‌ವರೆಗೆ ಮಿತ್ರಪಡೆಗಳ ಆಡಳಿತದಲ್ಲಿದ್ದಾಗ ರಫ್ತಾದ ಸರಕಿನ ಮೇಲೆ ಮೇಡ್ ಇನ್ ಆಕ್ಯುಪೈಡ್ ಜಪಾನ್ ಎಂಬ ಮುದ್ರೆ ಬರುತ್ತಿತ್ತು. ಆ ಕಾಲದ ಎಲ್ಲ ವಸ್ತುಗಳ ಮೇಲೂ ಅದು ಇಲ್ಲ, ಇರುವವುಗಳಿಗೆ ಬೇಡಿಕೆಯಿದೆ, ಹಾಗಾಗಿ ಹುಸಿ ಮುದ್ರೆಗಳೂ ಇವೆ. ನಿಜವಾದ ಮುದ್ರೆ ಮೆರುಗಿನ ಕೆಳಗಿರುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಅಳಿಸಿಹೋಗುವುದು ಈಚೆಗೆ ಒತ್ತಿದ ಮುದ್ರೆ. ಈ ಪರೀಕ್ಷೆಯನ್ನು ಮಾರುವವರ ಮೇಜಿನ ಮೇಲೆ ಅವರ ಅನುಮತಿಯಿಲ್ಲದೆ ಮಾಡಬಾರದು. ಪಶ್ಚಿಮ ಜರ್ಮನಿ ಎಂದು ಬರೆದಿದ್ದರೆ ಅದು 1949ರಿಂದ 1990ರ ನಡುವಿನದು.

ಜಪಾನಿನಿಂದ ಬಂದ ಶೇಕರ್‌ಗಳಲ್ಲಿ ಬಹಳಷ್ಟು ಐಚಿ ಪ್ರಾಂತ್ಯದ ಸೆಟೊ ಮತ್ತು ನಗೋಯಾ ಸುತ್ತಲಿನ ಕುಂಬಾರಿಕೆಯಲ್ಲಿ ತಯಾರಾದವು. ಅಮೆರಿಕದ ಆಮದು ಕಂಪನಿಗಳು ಅಲ್ಲಿ ಮಾಡಿಸಿ ತಮ್ಮ ಚೀಟಿ ಅಂಟಿಸಿ ಮಾರುತ್ತಿದ್ದವು: ಷಿಕಾಗೊದಲ್ಲಿ ಜಾರ್ಜ್ ಝೋಲ್ಟನ್ ಲೆಫ್ಟನ್ 1941ರಲ್ಲಿ ಆರಂಭಿಸಿದ ಲೆಫ್ಟನ್, ಕ್ಲೀವ್‌ಲ್ಯಾಂಡಿನ ನ್ಯಾಪ್ಕೊ, ಕನೆಕ್ಟಿಕಟ್‌ನ ಹೋಲ್ಟ್ ಹೊವರ್ಡ್. ಹೋಲ್ಟ್ ಹೊವರ್ಡ್ ಹಲವು ವಸ್ತುಗಳ ಅಡಿಯಲ್ಲಿ ಇಸವಿಯನ್ನೂ ಮುದ್ರಿಸಿದ್ದರಿಂದ ಹೊಸಬರಿಗೆ ಅವು ಒಳ್ಳೆಯ ಪಾಠ. ತರಕಾರಿಗೆ ಮನುಷ್ಯನ ಮುಖವಿಟ್ಟ ಶೇಕರ್‌ಗಳ ಅಡಿಯಲ್ಲಿ ಸಂಗ್ರಾಹಕರು ಬಯಸುವ ಪಿವೈ (PY) ಎಂಬ ಅಕ್ಷರಗಳು ಕಂಡರೆ ಬೆಲೆ ಕೇಳುವ ಮೊದಲು ಮುಖದಲ್ಲಿ ಉತ್ಸಾಹ ತೋರಿಸಬೇಡಿ. ಕಾಗದದ ಅಥವಾ ತಗಡಿನ ಚೀಟಿ ಉಳಿದಿದ್ದರೆ ಅದನ್ನು ತೊಳೆಯದೆ, ಕೀಳದೆ ಕಾಪಾಡಿ. ಎಷ್ಟೋ ಸಲ ವಸ್ತುವಿನ ಗುರುತಿಗೆ ಅದೊಂದೇ ಆಧಾರ.

ಅಮೆರಿಕದಲ್ಲಿಯೇ ತಯಾರಾದವುಗಳಲ್ಲಿ ಮೊದಲು ಕಲಿಯಬೇಕಾದ ಹೆಸರು ಒಹಾಯೊದ ಝೇನ್ಸ್‌ವಿಲ್‌ನಲ್ಲಿ 1937ರಿಂದ 1961ರವರೆಗೆ ನಡೆದ ಶಾನೀ ಪಾಟರಿ. ಮೇಲೆ ಹೇಳಿದ ನಗುವ ಹಂದಿ ಸ್ಮೈಲಿ ಅವರದೇ. ಅದರ ಜೊತೆಗಾತಿ ವಿನ್ನಿ, ಹಲ್ಲುನೋವಿಗೆ ಬಟ್ಟೆ ಕಟ್ಟಿಕೊಂಡಂತಿರುವ ನಾಯಿ ಮಗ್ಸಿ, ಮೆಕ್ಕೆಜೋಳದ ತೆನೆಯ ಆಕಾರದ ಜೋಡಿ ಇವೆಲ್ಲ ಗರಾಜ್ ಸೇಲಿನಲ್ಲಿ ಇಂದಿಗೂ ಸಿಗುತ್ತವೆ, ಇವುಗಳ ನಕಲುಗಳೂ ಸಿಗುತ್ತವೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿದ್ದ ಸೆರಾಮಿಕ್ ಆರ್ಟ್ಸ್ ಸ್ಟುಡಿಯೊಗೆ ಬೆಟ್ಟಿ ಹ್ಯಾರಿಂಗ್ಟನ್ ರೂಪಿಸಿದ ಶೇಕರ್‌ಗಳಲ್ಲಿ ಒಂದು ಇನ್ನೊಂದರೊಳಗೆ ಕೂರುತ್ತದೆ, ತಾಯಿ ಕಾಂಗರೂ ಮತ್ತು ಮರಿಯ ಹಾಗೆ. ರೂತ್ ವ್ಯಾನ್ ಟೆಲಿಂಗನ್ ಬೆಂಡೆಲ್ ರೂಪಿಸಿ ರೀಗಲ್ ಚೈನಾ ತಯಾರಿಸಿದ ಮೊಲಗಳು ಒಂದನ್ನೊಂದು ತಬ್ಬಿಕೊಂಡಿರುತ್ತವೆ, ಅವುಗಳ ಅಡಿಯಲ್ಲಿ ವ್ಯಾನ್ ಟೆಲಿಂಗನ್ ಎಂಬ ಹೆಸರಿರುತ್ತದೆ. ಗೊಂಬೆಗಳು ಬೇಡವೆನ್ನುವವರು ಈವಾ ಝೈಸೆಲ್ 1940ರ ದಶಕದಲ್ಲಿ ಮಿನೆಸೋಟದ ರೆಡ್ ವಿಂಗ್ ಪಾಟರಿಗೆ ರೂಪಿಸಿದ ಟೌನ್ ಅಂಡ್ ಕಂಟ್ರಿ ಜೋಡಿಯನ್ನು ಹುಡುಕಬಹುದು. ಒಂದು ದೊಡ್ಡದು, ಒಂದು ಚಿಕ್ಕದು, ಎರಡೂ ಪರಸ್ಪರ ಬಾಗಿ ಮಾತಾಡುತ್ತಿರುವಂತೆ ಕಾಣುವ ಈ ಶೇಕರ್‌ಗಳಿಗೆ ಕಣ್ಣು ಮೂಗು ಇಲ್ಲದಿದ್ದರೂ ಜೀವವಿದೆ. 1936ರಲ್ಲಿ ಹೋಮರ್ ಲಾಫ್ಲಿನ್ ಕಂಪನಿ ಆರಂಭಿಸಿದ ಫಿಯೆಸ್ಟಾ ಪಾತ್ರೆಗಳ ಚೆಂಡಿನಾಕಾರದ ಶೇಕರ್‌ಗಳೂ ಜನಪ್ರಿಯ. ಅವುಗಳ ಹಳೆಯ ಕೆಂಪು ಬಣ್ಣದ ಮೆರುಗಿನಲ್ಲಿ ಯುರೇನಿಯಂ ಆಕ್ಸೈಡ್ ಇತ್ತು. ಯುದ್ಧಕಾಲದಲ್ಲಿ ಸರ್ಕಾರ ಯುರೇನಿಯಂ ವಶಪಡಿಸಿಕೊಂಡಾಗ ಆ ಬಣ್ಣ ನಿಂತು, 1959ರಲ್ಲಿ ಮರಳಿತು. ಅದನ್ನೂ, ಒಟ್ಟಾರೆ ಹಳೆಯ ಬಣ್ಣದ ಮೆರುಗಿನ ಯಾವುದೇ ಶೇಕರನ್ನೂ ನೋಟಕ್ಕೆ ಇಟ್ಟುಕೊಳ್ಳಿ, ಊಟಕ್ಕೆ ಬೇಡ. ಮೆರುಗಿನಲ್ಲಿ ಸೀಸವಿರುವ ಸಾಧ್ಯತೆ ಇರುತ್ತದೆ.

ಕೊಳ್ಳುವ ಮೊದಲು ಮನಸ್ಸಿನಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕಾದ ಒಂದು ವಿಷಯವಿದೆ. ಕಪ್ಪು ಜನರನ್ನು ದಪ್ಪ ತುಟಿಯ ಅಡುಗೆಯವರಾಗಿ, ಆಳುಗಳಾಗಿ ಅವಹೇಳನ ಮಾಡುವ ಶೇಕರ್‌ಗಳು ಒಂದು ಕಾಲದಲ್ಲಿ ಅಲ್ಲಿ ಧಾರಾಳವಾಗಿ ಮಾರಾಟವಾದವು. ಒಹಾಯೊದ ಡೇಟನ್‌ನ ಎಫ್ ಅಂಡ್ ಎಫ್ ಎಂಬ ಪ್ಲಾಸ್ಟಿಕ್ ಕಂಪನಿ ತಯಾರಿಸಿದ, ಪ್ಯಾನ್‌ಕೇಕ್ ಹಿಟ್ಟಿನ ಜಾಹೀರಾತಿನ ಕಪ್ಪು ಅಡುಗೆಯವಳಾದ ಆಂಟ್ ಜೆಮೈಮಾಳ ಜೋಡಿ ಅಂಥದ್ದರಲ್ಲಿ ಬಹಳ ಪ್ರಸಿದ್ಧ. ಮಿಷಿಗನ್ನಿನ ಫೆರಿಸ್ ಸ್ಟೇಟ್ ವಿಶ್ವವಿದ್ಯಾಲಯದ ಜಿಮ್ ಕ್ರೋ ಮ್ಯೂಸಿಯಂ ಇಂಥ ವಸ್ತುಗಳನ್ನು ಜನಾಂಗದ್ವೇಷದ ಪಾಠ ಹೇಳಲೆಂದೇ ಸಂಗ್ರಹಿಸಿದೆ. ಅಲ್ಲಿ ಅವುಗಳಿಗೆ ಸ್ಥಾನವಿದೆ; ಅತಿಥಿಗಳು ಬಂದು ಕೂರುವ ಕೋಣೆಯ ಅಲಂಕಾರಕ್ಕೆ ಅವನ್ನು ತರುವುದು ನನಗೆ ಒಪ್ಪಿಗೆಯಿಲ್ಲ. ನಕಲುಗಳು ಅತಿ ಹೆಚ್ಚು ಇರುವ ವರ್ಗವೂ ಅದೇ.

ಬೆಲೆಯ ವಿಷಯ ಸಂಕ್ಷಿಪ್ತವಾಗಿ ಹೇಳಬಹುದು. ಗರಾಜ್ ಸೇಲಿನಲ್ಲಿ ಸಾಧಾರಣ ಜೋಡಿ ಒಂದೆರಡು ಡಾಲರ್‌ನಿಂದ ಐದು ಡಾಲರ್‌ಗೆ ಸಿಗುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೆ ಇಬೇ ತಾಣದಲ್ಲಿ ಮಾರಾಟವಾಗಿ ಮುಗಿದವುಗಳ ಬೆಲೆಯನ್ನು ಫೋನಿನಲ್ಲೇ ನೋಡಿ, ಮಾರಾಟಕ್ಕಿಟ್ಟವರು ಕೇಳುತ್ತಿರುವ ಬೆಲೆಯನ್ನಲ್ಲ. ಕೇಳುವುದಕ್ಕೆ ಯಾರು ಎಷ್ಟು ಬೇಕಾದರೂ ಕೇಳುತ್ತಾರೆ. ಚೌಕಾಸಿ ನಮ್ಮವರಿಗೆ ಕಲಿಸಬೇಕಾಗಿಲ್ಲ, ಆದರೆ ಅಲ್ಲಿ ಅರ್ಧಕ್ಕರ್ಧ ಇಳಿಸಿ ಕೇಳುವುದು ಒರಟುತನ ಎನಿಸುತ್ತದೆ. ನಾಲ್ಕಾರು ಜೋಡಿಗಳನ್ನು ಒಟ್ಟು ಮಾಡಿ ಎಲ್ಲಕ್ಕೂ ಸೇರಿ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದರೆ ಅವರೇ ಇಳಿಸುತ್ತಾರೆ. ಇದಕ್ಕಿಂತ ಮುಖ್ಯವಾದದ್ದು ನೀವು ಏನನ್ನು ಕೂಡಿಸುತ್ತಿದ್ದೀರಿ ಎಂಬ ಎಲ್ಲೆ. ಹಕ್ಕಿಗಳು ಮಾತ್ರ, ಊರಿನ ಹೆಸರಿರುವ ಪ್ರವಾಸದ ನೆನಪುಗಳು ಮಾತ್ರ, ತಲೆಯಾಡಿಸುವವು ಮಾತ್ರ ಎಂದು ಒಂದು ಗೆರೆ ಎಳೆದುಕೊಳ್ಳದಿದ್ದರೆ ಎರಡೇ ವರ್ಷದಲ್ಲಿ ಮನೆ ಉಗ್ರಾಣವಾಗುತ್ತದೆ. ಎಲ್ಲೆಯಿಲ್ಲದ ಸಂಗ್ರಹ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ನೋಡಲು ಟೆನೆಸಿಯ ಗ್ಯಾಟ್ಲಿನ್‌ಬರ್ಗ್‌ಗೆ ಹೋಗಿ: ಬೆಲ್ಜಿಯಂ ಮೂಲದ ಪುರಾತತ್ತ್ವಜ್ಞೆ ಆಂಡ್ರಿಯಾ ಲಡನ್ ಮತ್ತು ಅವರ ಕುಟುಂಬ ಅಲ್ಲಿ ಸ್ಥಾಪಿಸಿದ ವಸ್ತುಸಂಗ್ರಹಾಲಯದಲ್ಲಿ 20,000ಕ್ಕೂ ಹೆಚ್ಚು ಜೋಡಿಗಳಿವೆ, ಸ್ಪೇನಿನ ಗ್ವಾಡಲೆಸ್ಟ್‌ನಲ್ಲಿ ಅದರ ಇನ್ನೊಂದು ಶಾಖೆಯೂ ಇದೆ.

ಮನೆಗೆ ತಂದ ಮೇಲೆ ಮೊದಲ ಕೆಲಸ ಒಳಗಿನ ಉಪ್ಪನ್ನು ಹೊರಹಾಕುವುದು. ಉಪ್ಪು ಗಾಳಿಯ ತೇವ ಎಳೆದುಕೊಂಡು ಲೋಹದ ಮುಚ್ಚಳವನ್ನು ತಿನ್ನುತ್ತದೆ, ಮೆರುಗಿನ ಬಿರುಕುಗಳಲ್ಲಿ ಇಳಿದು ಹರಳುಗಟ್ಟಿ ಚಕ್ಕೆ ಎಬ್ಬಿಸುತ್ತದೆ. ಗಾಜಿನ ಶೇಕರ್‌ನ ತಿರುಪು ಮುಚ್ಚಳ ಕಚ್ಚಿಕೊಂಡಿದ್ದರೆ ಇಕ್ಕಳ ಹಾಕಬೇಡಿ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ರಾತ್ರಿಯಿಡೀ ತಲೆಕೆಳಗಾಗಿ ನೆನೆಯಿಡಿ. ಪಿಂಗಾಣಿಯದ್ದನ್ನು ನೀರಿಗೆ ಇಳಿಸುವ ಮೊದಲು ಒದ್ದೆ ಹತ್ತಿಯ ತುದಿಯಿಂದ ಕಾಣದ ಜಾಗದಲ್ಲಿ ಒಮ್ಮೆ ಒರೆಸಿ. ಮೆರುಗಿನ ಮೇಲೆ ಸುಡದೆ ಹಚ್ಚಿದ ಬಣ್ಣವಾದರೆ ಹತ್ತಿಗೆ ಅಂಟಿಕೊಳ್ಳುತ್ತದೆ, ಅಂಥದ್ದಕ್ಕೆ ಒಣ ಕುಂಚದ ಹೊರತು ಬೇರೇನೂ ಬೇಡ. ಪಾತ್ರೆ ತೊಳೆಯುವ ಯಂತ್ರವಂತೂ ಯಾವ ಹಳೆಯ ಶೇಕರ್‌ಗೂ ಆಗದು. ಬೆಲೆಚೀಟಿಯ ಅಂಟಿನ ಮೇಲೆ ಅಡುಗೆ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟರೆ ತಾನಾಗಿ ಸಡಿಲವಾಗುತ್ತದೆ. ಹಾಳಾದ ಕಾರ್ಕಿನ ಚೂರುಗಳನ್ನು ಒಳಕ್ಕೆ ನೂಕದೆ ಚಿಮಟಿಗೆಯಿಂದ ಹೊರಗೆಳೆದು, ತೂತಿನ ಅಳತೆ ತೆಗೆದು ಹೊಸ ಬಿರಟೆ ತರಿಸಿಕೊಳ್ಳಿ.

ಒಂಟಿಯಾಗಿ ಸಿಗುವ ಒಳ್ಳೆಯ ಶೇಕರ್ ಕಾಲು ಡಾಲರ್‌ಗೆ ಬಂದರೆ ಬಿಡಬೇಡಿ. ಅದರ ಅಡಿಯ ಅಳತೆ, ಮುದ್ರೆ, ಬಣ್ಣವನ್ನು ಫೋಟೊ ಸಮೇತ ಬರೆದಿಟ್ಟುಕೊಂಡರೆ ಜೊತೆಗಾರ ಎಲ್ಲಾದರೂ ಎದುರಾದಾಗ ಹೋಲಿಸಲು ಅನುಕೂಲ. ಎಲ್ಲ ಜೋಡಿಗಳಿಗೂ ಕೊಂಡ ಊರು, ಇಸವಿ, ಕೊಟ್ಟ ಬೆಲೆಯನ್ನು ಪುಟ್ಟ ಚೀಟಿಯಲ್ಲಿ ಬರೆದು ಮಡಚಿ ಶೇಕರ್ ಒಳಗೇ ಹಾಕಿಡುವುದು ಒಳ್ಳೆಯ ಉಪಾಯ. ಭೂಕಂಪದ ಭಯವಿರುವ ಕ್ಯಾಲಿಫೋರ್ನಿಯಾದಲ್ಲಿ ಕಪಾಟಿನ ಹಲಗೆಗೆ ಮ್ಯೂಸಿಯಂ ವ್ಯಾಕ್ಸ್ ಎಂಬ ಮೆತ್ತನೆಯ ಅಂಟುಮೇಣದ ಒಂದು ಚಿಟಿಕೆ ಹಚ್ಚಿ ಕೂರಿಸಬೇಕು. ಊರಿಗೆ ಒಯ್ಯುವುದಾದರೆ ಚೆನ್ನಾಗಿ ತೊಳೆದು ಒಣಗಿಸಿಯೇ ಒಯ್ಯಿರಿ, ಒಳಗೆ ಅಂಟಿದ ಬಿಳಿ ಪುಡಿ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬೇಡದ ಪ್ರಶ್ನೆಗಳನ್ನು ತಂದೀತು. ಬಿರಟೆ ತೆಗೆದು ಬೇರೆ ಲಕೋಟೆಯಲ್ಲಿಟ್ಟು, ಎರಡು ಶೇಕರ್‌ಗಳಿಗೂ ಬೇರೆ ಬೇರೆ ಕಾಲುಚೀಲ ತೊಡಿಸಿ, ಕೈಚೀಲದಲ್ಲೇ ಇಟ್ಟುಕೊಳ್ಳಿ; ಒಂದು ಒಡೆದರೂ ಜೋಡಿ ಹೋದಂತೆಯೇ.